ಪತ್ತನಾಜೆಗೆ ಮೊದಲು ಅಂಗಳದಲ್ಲಿ ಏನೇನು ಒಣಗಬೇಕು?

ಮೇ ತಿಂಗಳ ನಡುವಿನ ಹೊತ್ತು. ಹಿತ್ತಲಿನ ಪುನರ್ಪುಳಿ ಮರದಡಿ ಕೆಂಪು ಹಣ್ಣು ಹಾಸಿದ ಹಾಗೆ ಬಿದ್ದಿದೆ. ಗಾಳಿ ಬೀಸಿದಾಗಲೆಲ್ಲ ಕಾಟುಮಾವು ಉದುರುತ್ತಿದೆ. ಹಲಸಿನ ಮರದಲ್ಲಿ ಕೊಯ್ದಷ್ಟೂ ಮುಗಿಯದ ಕಾಯಿ. ಮನೆಯಲ್ಲಿರುವುದು ಇಬ್ಬರೋ ಮೂವರೋ. ತಿಂದು ಮುಗಿಯುವುದಿಲ್ಲ. ಹಂಚೋಣವೆಂದರೆ ಅಕ್ಕಪಕ್ಕದ ಹಿತ್ತಲಲ್ಲೂ ಇದೇ ಸುಗ್ಗಿ. ಅಷ್ಟರಲ್ಲಿ ಒಂದು ಸಂಜೆ ಗುಡುಗಿ ಮಳೆ ಹೊಡೆಯುತ್ತದೆ, ಅಂಗಳದಲ್ಲಿ ಹರವಿದ್ದೆಲ್ಲ ಒದ್ದೆಯಾಗುತ್ತದೆ, ಎರಡು ದಿನಕ್ಕೆ ಬೂಸ್ಟು. ಕರಾವಳಿ, ಮಲೆನಾಡಿನಲ್ಲಿ ಹಿತ್ತಲಿರುವ ಮನೆಗಳಿಗೆ ಇದು ವರ್ಷವರ್ಷದ ಪಾಡು.

ತುಳುನಾಡಿನಲ್ಲಿ ಬೇಸಿಗೆಗೆ ಗಡಿ ಹಾಕುವ ದಿನ ಪತ್ತನಾಜೆ. ತುಳು ತಿಂಗಳು ಬೇಶದ ಹತ್ತನೇ ದಿನವಾದ ಅದು ಮೇ 24ರ ಆಸುಪಾಸಿಗೆ ಬರುತ್ತದೆ. ಯಕ್ಷಗಾನ ಮೇಳಗಳು ಅಂದಿಗೆ ತಿರುಗಾಟ ಮುಗಿಸುತ್ತವೆ, ಕೋಲ-ನೇಮಗಳಿಗೂ ಬಿಡುವು. ಘಟ್ಟದ ಮೇಲಿನವರು ಎಣಿಸುವುದು ಮಳೆ ನಕ್ಷತ್ರಗಳನ್ನು: ಮೇ 25ರ ಹೊತ್ತಿಗೆ ರೋಹಿಣಿ, ಜೂನ್ 8ರ ಹೊತ್ತಿಗೆ ಮೃಗಶಿರ. ಹವಾಮಾನ ಇಲಾಖೆಯ ವಾಡಿಕೆಯ ಲೆಕ್ಕದಲ್ಲಿ ಮುಂಗಾರು ಜೂನ್ 1ಕ್ಕೆ ಕೇರಳ ಮುಟ್ಟಿ, ನಾಲ್ಕೈದು ದಿನದಲ್ಲಿ ನಮ್ಮ ಕರಾವಳಿಗೆ ಬರುತ್ತದೆ. ಯಾವ ಪಂಚಾಂಗ ಹಿಡಿದರೂ ಮೇ ನಡುವಿನಿಂದ ಕೈಯಲ್ಲಿ ಉಳಿಯುವ ಬಿಸಿಲು ಎರಡು, ಹೆಚ್ಚೆಂದರೆ ಮೂರು ವಾರದ್ದು.

ಹೆಚ್ಚಿನ ಮನೆಗಳಲ್ಲಿ ಯಾವ ಹಣ್ಣು ಮೊದಲು ಬಿತ್ತೋ ಅದಕ್ಕೆ ಮೊದಲು ಕೈ ಹಾಕುತ್ತಾರೆ. ಎಡವುವುದು ಅಲ್ಲಿಯೇ. ಹೆಚ್ಚು ಬಿಸಿಲು ಬೇಡುವ ಕೆಲಸ ಮೊದಲು, ಬಿಸಿಲೇ ಬೇಡದ ಕೆಲಸ ಕೊನೆಗೆ ಎಂದು ಇಟ್ಟುಕೊಂಡರೆ ಅದೇ ಅಂಗಳ, ಅದೇ ಎರಡು ಕೈ ಸಾಕಾಗುತ್ತವೆ.

ನೀರಿನ ಲೆಕ್ಕ

ಹಣ್ಣನ್ನು ಕೆಡಿಸುವ ಬೂಸ್ಟು, ಯೀಸ್ಟು, ಬ್ಯಾಕ್ಟೀರಿಯಾ ಮೂರಕ್ಕೂ ಬೇಕಾದದ್ದು ನೀರು. ಅದು ಅವಕ್ಕೆ ಸಿಗದಂತೆ ಮಾಡಲು ಅಡುಗೆಮನೆಗೆ ಗೊತ್ತಿರುವ ದಾರಿಗಳು ಮೂರು. ಬಿಸಿಲಿಗೆ ಒಡ್ಡಿ ನೀರನ್ನು ಆರಿಸುವುದು ಒಂದು. ಸಕ್ಕರೆಯಲ್ಲಿ ಹಾಕುವುದು, ಉಪ್ಪಿನಲ್ಲಿ ಹಾಕುವುದು ಉಳಿದೆರಡು. ಸಕ್ಕರೆ, ಉಪ್ಪು ಹಣ್ಣಿನೊಳಗಿನ ನೀರನ್ನು ಹೊರಗೆಳೆದು ತಮ್ಮಲ್ಲೇ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಭರಣಿಯಲ್ಲಿ ರಸ ತುಂಬಿ ನಿಂತಿದ್ದರೂ ಬೂಸ್ಟಿಗೆ ಅದು ಒಣನೆಲವೇ. ಆರೋಗ್ಯದ ಕಾಳಜಿಯಿಂದ ಸಕ್ಕರೆಯನ್ನೋ ಉಪ್ಪನ್ನೋ ಅರ್ಧಕ್ಕಿಳಿಸಿದ ಭರಣಿಗಳು ಜುಲೈಗೆ ಮೊದಲೇ ಕೆಡುವುದು ಇದರಿಂದಲೇ. ಕಡಿಮೆ ಮಾಡುವುದಿದ್ದರೆ ಲೋಟಕ್ಕೆ ಸುರಿಯುವಾಗ ಕಡಿಮೆ ಸುರಿಯಿರಿ, ಭರಣಿಗೆ ಹಾಕುವಾಗ ಬೇಡ.

ಕರಾವಳಿಯ ಮೇ ತಿಂಗಳ ಗಾಳಿಯಲ್ಲಿ ಪಸೆ ಹೆಚ್ಚು. ಬಿಸಿಲು ಕಣ್ಣು ಕುಕ್ಕಿದರೂ ಬೆಳಗ್ಗೆ, ಸಂಜೆ ವಸ್ತು ಒಣಗುವುದಿಲ್ಲ. ಒಣಗಿದ್ದೇ ಮತ್ತೆ ಮೆತ್ತಗಾಗುತ್ತದೆ. ಹತ್ತು ಗಂಟೆಯಿಂದ ನಾಲ್ಕರವರೆಗಿನ ಬಿಸಿಲನ್ನಷ್ಟೇ ನಂಬಬೇಕು. ಈ ಬಿಸಿಲು ಮಾವಿನ ರಸದ ಮಾಂಬಳಕ್ಕೆ ಎಂಟು-ಹತ್ತು ದಿನ ಬೇಕು, ಪುನರ್ಪುಳಿ ಸಿಪ್ಪೆಗೆ ಐದಾರು, ಹಲಸಿನ ಹಪ್ಪಳಕ್ಕೆ ಎರಡು-ಮೂರು. ಸಕ್ಕರೆಯ ಭರಣಿಗೆ ನಡುನಡುವೆ ಮೋಡ ಬಂದರೂ ನಡೆಯುತ್ತದೆ. ಹಲಸಿನ ಸೊಳೆಯನ್ನು ಉಪ್ಪಿನಲ್ಲಿಡುವ ಉಪ್ಪುಸೊಳೆಗೆ ಬಿಸಿಲೇ ಬೇಡ. ಕೆಲಸ ಹಿಡಿಯಬೇಕಾದ ಕ್ರಮವೂ ಇದೇ.

ಮೊದಲ ಸರದಿ ಮಾಂಬಳದ್ದು

ಮಾವಿನ ರಸವನ್ನು ಪದರ ಪದರವಾಗಿ ಒಣಗಿಸಿದ ಮಾಂಬಳಕ್ಕೆ ಪೇಟೆಯ ದುಬಾರಿ ಮಾವು ಬೇಡ. ಹುಳಿ-ಸಿಹಿ ಬೆರೆತ, ರಸ ತುಂಬಿದ ಕಾಟುಮಾವೇ ಲಾಯಕ್ಕು. ಹುಳಿಯಿರುವ ರಸ ಒಣಗುವ ಮೊದಲೇ ಕೆಡುವ ಭಯ ಕಡಿಮೆ, ಒಣಗಿದ ಮೇಲೆ ರುಚಿಯೂ ಸಪ್ಪೆಯಾಗದು.

ಹಣ್ಣು ಹಿಂಡಿ, ನಾರು ಸೋಸಿ, ತುಪ್ಪವನ್ನೋ ತೆಂಗಿನೆಣ್ಣೆಯನ್ನೋ ತೆಳ್ಳಗೆ ಸವರಿದ ಸ್ಟೀಲಿನ ತಟ್ಟೆಗೆ ಸುರಿಯಬೇಕು. ರಸ ಎರಡು-ಮೂರು ಮಿಲಿಮೀಟರ್ ದಪ್ಪ ಮೀರಬಾರದು. ಓಲೆಚಾಪೆಯ ಮೇಲೆ ಎರೆಯುವ ಪದ್ಧತಿಯೂ ಇದೆ, ಚಾಪೆಯ ಹೆಣಿಗೆಯ ಗುರುತು ಮಾಂಬಳದ ಬೆನ್ನಿಗೆ ಅಚ್ಚಾಗಿ ನೋಡಲು ಚೆಂದ. ಮೇಲೊಂದು ತೆಳು ಬಟ್ಟೆ ಕಟ್ಟಿದರೆ ನೊಣ, ಧೂಳು ತಪ್ಪುತ್ತದೆ. ಮೊದಲ ಪದರ ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ, ಸಾಮಾನ್ಯವಾಗಿ ಮರುದಿನ, ಅದರ ಮೇಲೆ ಹೊಸ ರಸ. ಹೀಗೆ ದಿನಕ್ಕೊಂದು ಪದರ.

ಅವಸರಕ್ಕೆ ಬಿದ್ದು ಒಂದೇ ದಿನ ದಪ್ಪಗೆ ಸುರಿದರೆ ಮೇಲ್ಮೈ ಬೇಗ ಒಣಗಿ ಚರ್ಮ ಕಟ್ಟುತ್ತದೆ, ಒಳಗಿನ ನೀರಿಗೆ ಹೊರಬರುವ ದಾರಿ ಮುಚ್ಚುತ್ತದೆ. ಹೊರಗಿನಿಂದ ಒಣಗಿದಂತೆ ಕಾಣುವ ಆ ಹಾಳೆ ಒಳಗಿನಿಂದ ಹುಳಿಯುತ್ತದೆ. ತಟ್ಟೆಯಿಂದ ಒಂದೇ ಹಾಳೆಯಾಗಿ ಬಿಟ್ಟುಕೊಂಡು ಬಂದು, ಮಡಚಿದಾಗ ಮಡಿಕೆಯಲ್ಲಿ ಪಸೆ ಕಾಣದಿದ್ದರೆ ಆಯಿತು. ದಿನ ಕಡಿಮೆ ಉಳಿದಿದ್ದರೆ ಹತ್ತು ಪದರದ ಆಸೆ ಬಿಟ್ಟು ನಾಲ್ಕಕ್ಕೆ ನಿಲ್ಲಿಸುವುದೇ ಜಾಣತನ.

ಪುನರ್ಪುಳಿ: ಒಂದು ಹಣ್ಣಿನಿಂದ ಮೂರು ಕೆಲಸ

ದಕ್ಷಿಣ ಕನ್ನಡ, ಉಡುಪಿಯಲ್ಲಿ ಪುನರ್ಪುಳಿ. ಶಿರಸಿ, ಸಾಗರದ ಕಡೆ ಮುರುಗಲು. ಪಶ್ಚಿಮ ಘಟ್ಟದ ಈ ಮರದಲ್ಲಿ ಗಂಡು-ಹೆಣ್ಣು ಬೇರೆ ಬೇರೆ, ಹಣ್ಣು ಬಿಡುವುದು ಹೆಣ್ಣುಮರ ಮಾತ್ರ. ಏಪ್ರಿಲ್-ಮೇಯಲ್ಲಿ ಹಣ್ಣಾಗಿ, ಮಳೆ ಹಿಡಿದರೆ ಉಳಿದದ್ದೆಲ್ಲ ಮರದಡಿ ಕೊಳೆಯುತ್ತದೆ. ಬೇಡಿಕೆಯಿರುವುದು ಸಿಪ್ಪೆಗೆ. ಅದರ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಕೆಂಪಿಗೆ ಕಾರಣ ಆಂಥೊಸಯನಿನ್ ಎಂಬ ವರ್ಣದ್ರವ್ಯ. ಈ ಬಣ್ಣ ಕಾವಿಗೆ ನಿಲ್ಲುವುದಿಲ್ಲ. ಶರಬತ್ತಿಗೆಂದು ಸಿಪ್ಪೆಯನ್ನು ಗಂಟೆಗಟ್ಟಲೆ ಕುದಿಸಿದ ಮನೆಗಳಲ್ಲಿ ಮಾಣಿಕ್ಯದಂಥ ಕೆಂಪು ಹೋಗಿ ಕಂದು ನೀರು ಉಳಿಯುವುದು ಅದಕ್ಕೇ. ಹಿಂದಿನವರು ಕುದಿಸುವ ಬದಲು ಸಕ್ಕರೆಗೆ ರಸ ಎಳೆಯುವ ಕೆಲಸ ಒಪ್ಪಿಸಿದರು.

ಒಣಸಿಪ್ಪೆಗೆ ಹೆಚ್ಚು ಬಿಸಿಲು ಬೇಕಾದ್ದರಿಂದ ಅದು ಮೊದಲು:

1. ಪೂರ್ತಿ ಕಪ್ಪುಗೆಂಪಾದ, ಒಡೆಯದ ಹಣ್ಣು ಆರಿಸಿ ತೊಳೆದು, ನೀರು ಆರಿಸಿ, ಎರಡು ಹೋಳು ಮಾಡಿ. ಬೀಜ, ಅದಕ್ಕಂಟಿದ ಬಿಳಿ ತಿರುಳು ಒಂದು ಪಾತ್ರೆಗೆ, ಸಿಪ್ಪೆ ಇನ್ನೊಂದಕ್ಕೆ.

2. ತಿರುಳಿಗೆ ಎರಡು ಹಿಡಿ ಉಪ್ಪು ಬೆರೆಸಿ ಕಿವುಚಿದರೆ ಹುಳಿ ರಸ ಬಿಡುತ್ತದೆ. ಇದನ್ನು ಚೆಲ್ಲಬೇಡಿ, ಬೀಜ ಸೋಸಿ ತೆಗೆದಿಡಿ.

3. ಸಿಪ್ಪೆಯನ್ನು ಒಳಮೈ ಮೇಲಾಗಿ ಚಾಪೆಯ ಮೇಲೋ ಸ್ಟೀಲ್ ತಟ್ಟೆಯಲ್ಲೋ ಹರವಿ. ಅಲ್ಯೂಮಿನಿಯಂ, ತಾಮ್ರ, ಕಬ್ಬಿಣ ಬೇಡ. ಈ ಹುಳಿ ಲೋಹವನ್ನು ತಿನ್ನುತ್ತದೆ.

4. ಸಂಜೆ ಒಳಗೆ ತಂದಾಗ ಸಿಪ್ಪೆಯನ್ನು ಆ ಉಪ್ಪುರಸದಲ್ಲಿ ಅದ್ದಿ, ಮರುದಿನ ಮತ್ತೆ ಬಿಸಿಲಿಗೆ. ಮೂರು-ನಾಲ್ಕು ಸಲ ಹೀಗೆ ಮಾಡಿದರೆ ಸಿಪ್ಪೆ ಕಪ್ಪಾಗಿ, ಹುಳಿ ಗಟ್ಟಿಯಾಗುತ್ತದೆ.

5. ಕೊನೆಯ ಎರಡು ದಿನ ಅದ್ದದೆ ಒಣಗಿಸಿ. ತೊಗಲಿನಂತೆ ಬಾಗಬೇಕು, ಹಿಚುಕಿದರೆ ರಸ ಬರಬಾರದು. ಪೂರ್ತಿ ತಣಿದ ಮೇಲೆ ಗಾಜಿನ ಜಾಡಿಗೆ.

ಸಾರಿಗೆ ಇಂಥ ನಾಲ್ಕೈದು ಸಿಪ್ಪೆ ಸಾಕು. ಬೆಲ್ಲ, ಹಸಿಮೆಣಸು, ತುಪ್ಪದ ಒಗ್ಗರಣೆ ಬಿದ್ದರೆ ಜುಲೈ ತಿಂಗಳ ಥಂಡಿಯಲ್ಲಿ ಅದಕ್ಕೆ ಸಮವಾದ ಇನ್ನೊಂದು ಸಾರು ಸಿಗುವುದು ಕಷ್ಟ.

ಶರಬತ್ತಿನ ಭರಣಿಗೆ ಅಳತೆ ಸುಲಭ. ಒಂದು ಕಿಲೋ ಹಸಿ ಸಿಪ್ಪೆಗೆ ಎರಡು ಕಿಲೋ ಸಕ್ಕರೆ. ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ, ಕೊನೆಯ ಪದರ ಸಕ್ಕರೆಯದೇ. ಬಾಯಿಗೆ ಬಟ್ಟೆ ಬಿಗಿದು ದಿನವೂ ಬಿಸಿಲಿಗಿಟ್ಟು, ದಿನಕ್ಕೊಮ್ಮೆ ಒಣ ಸೌಟಿನಿಂದ ಮಗುಚಬೇಕು. ಎಂಟು ದಿನದ ಹೊತ್ತಿಗೆ ಸಕ್ಕರೆಯೆಲ್ಲ ಕರಗಿ ಸಿಪ್ಪೆ ಸುಕ್ಕುಗಟ್ಟಿರುತ್ತದೆ. ಸೋಸಿ, ಹುರಿದ ಜೀರಿಗೆ ಪುಡಿ, ಚಿಟಿಕೆ ಉಪ್ಪು ಬೆರೆಸಿ ಬಾಟಲಿಗೆ ತುಂಬಿ, ಬೆಳಕು ಬೀಳದ ಕಡೆ ಇಡಬೇಕು. ಬೆಳಕೂ ಬಣ್ಣವನ್ನು ಕುಂದಿಸುತ್ತದೆ. ಸಕ್ಕರೆ ಕಾಯಿಲೆಯವರಿಗೆ ಈ ಬಾಟಲಿ ಹೇಳಿದ್ದಲ್ಲ. ಅವರು ಒಣಸಿಪ್ಪೆ ನೆನೆಸಿದ ನೀರಿಗೆ ಉಪ್ಪು, ಜೀರಿಗೆ ಹಾಕಿ ಕುಡಿದರೆ ಆಸೆ ತೀರುತ್ತದೆ.

ಉಳಿದ ಬೀಜವನ್ನು ತೊಳೆದು ಗಟ್ಟಿಯಾಗಿ ಒಣಗಿಸಿಟ್ಟರೆ ಮಳೆಗಾಲದ ಬಿಡುವಿನಲ್ಲಿ ಒಂದು ಕೆಲಸವಾಯಿತು. ಸಿಪ್ಪೆ ಒಡೆದು, ಒಳಬೀಜ ಕುಟ್ಟಿ, ನೀರಿನಲ್ಲಿ ಕುದಿಸಿದಾಗ ತೇಲುವ ಜಿಡ್ಡೇ ಮುರುಗಲು ತುಪ್ಪ. ತಣಿದರೆ ಗಟ್ಟಿ, ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಒಡೆದ ಹಿಮ್ಮಡಿಗೆ ಹಚ್ಚಿದರೆ ಜಾರಿ ಹೋಗದೆ ನಿಲ್ಲುತ್ತದೆ.

ಇದರದೇ ಕುಲದ ಉಪ್ಪಾಗೆ ಮಾತ್ರ ಈ ಕ್ರಮಕ್ಕೆ ಸಿಗದು. ಮಳೆಯ ನಡುವೆಯೇ ಹಣ್ಣಾಗುವ ಅದನ್ನು ಉತ್ತರ ಕನ್ನಡದಲ್ಲಿ ಬೆಂಕಿಯ ಮೇಲಿನ ತಟ್ಟಿಯಲ್ಲಿ ಒಣಗಿಸುತ್ತಾರೆ. ಅದು ಬೇಡುವ ಕಟ್ಟಿಗೆಯನ್ನು ನೆನೆದರೆ ಮೇ ತಿಂಗಳ ಪುಕ್ಕಟೆ ಬಿಸಿಲಿನ ಬೆಲೆ ತಿಳಿಯುತ್ತದೆ.

ಹಲಸು: ಹಪ್ಪಳ ಬೇಗ, ಭರಣಿ ನಿಧಾನ

ಹಲಸಿನ ಬಗ್ಗೆ ಕನ್ನಡದಲ್ಲಿ ಬರೆದದ್ದಕ್ಕೆ ಕೊರತೆಯಿಲ್ಲ. ಪುತ್ತೂರಿನ ‘ಅಡಿಕೆ ಪತ್ರಿಕೆ’ಯಲ್ಲಿ ಶ್ರೀಪಡ್ರೆಯವರು ವರ್ಷಗಟ್ಟಲೆ ಅದರ ಬೆನ್ನು ಹತ್ತಿದ್ದಾರೆ. ಆದರೂ ಹಪ್ಪಳದ ಹಿಟ್ಟಿನಲ್ಲಿ ಇಂದಿಗೂ ಆಗುವ ತಪ್ಪು ಒಂದಿದೆ, ಹಣ್ಣಾಗಲು ಶುರುವಾದ ಕಾಯಿ ಬಳಸುವುದು.

ಬಲಿತ ಕಾಯಿಯ ಸೊಳೆಯಲ್ಲಿ ತುಂಬಿರುವುದು ಪಿಷ್ಟ. ಹಬೆಯಲ್ಲಿ ಬೆಂದಾಗ ಅದು ಉಬ್ಬಿ ಅಂಟಾಗುತ್ತದೆ, ಕುಟ್ಟಿದಾಗ ಹಿಟ್ಟು ಒಂದಾಗುತ್ತದೆ, ಒಣಗಿದ ಹಪ್ಪಳ ಕಾದ ಎಣ್ಣೆಗೆ ಬಿದ್ದಾಗ ಒಳಗುಳಿದ ಚೂರು ನೀರು ಹಬೆಯಾಗಿ ಅದನ್ನು ಅರಳಿಸುತ್ತದೆ. ಕಾಯಿ ಹಣ್ಣಾಗುವಾಗ ಪಿಷ್ಟ ಸಕ್ಕರೆಯಾಗುತ್ತ ಹೋಗುತ್ತದೆ. ಆ ಸಕ್ಕರೆ ಎಣ್ಣೆಯಲ್ಲಿ ಕರಟುತ್ತದೆ, ಹಪ್ಪಳ ಅರಳುವ ಮೊದಲೇ ಕಪ್ಪಾಗುತ್ತದೆ. ಸೊಳೆ ಬಿಳಿಯಾಗಿ, ಬೀಜ ಗಟ್ಟಿಯಾಗಿ, ವಾಸನೆ ಇನ್ನೂ ಬಂದಿರದ ಕಾಯಿಯನ್ನು ಕೊಯ್ದ ದಿನವೇ ಹೆಚ್ಚಬೇಕು. ಕೈಗೆ, ಕತ್ತಿಗೆ ತೆಂಗಿನೆಣ್ಣೆ ಸವರಿಕೊಂಡರೆ ಮಯಣ ಅಂಟದು.

ಬೇಯಿಸುವಾಗ ಸೊಳೆಗೆ ನೀರು ತಾಗಬಾರದು, ಹಬೆ ಮಾತ್ರ. ಬಿಸಿಯಿರುವಾಗಲೇ ಉಪ್ಪು, ಒಣಮೆಣಸು, ಜೀರಿಗೆ, ಕೊತ್ತಂಬರಿ ಸೇರಿಸಿ ಕುಟ್ಟಬೇಕು, ತಣಿದರೆ ಹಿಟ್ಟು ಬಿಗಿದು ಒನಕೆಗೆ ಬಗ್ಗುವುದಿಲ್ಲ. ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಮಣೆಯಿಂದ ಒತ್ತಿ, ಚಾಪೆಗೆ ಹರವಿದರಾಯಿತು. ಮೊದಲ ದಿನ ಮಧ್ಯಾಹ್ನ ಮಗುಚಿ ಹಾಕದಿದ್ದರೆ ಅಂಚು ಮುದುಡುತ್ತದೆ. ಎರಡು-ಮೂರು ಬಿಸಿಲಿಗೆ ಮುರಿದರೆ ಟಕ್ಕೆನ್ನಬೇಕು. ಈ ಕೆಲಸಕ್ಕೆ ನಾಲ್ಕು ಜನ ಬೇಕು. ಒಬ್ಬರೇ ಇದ್ದರೆ ಒಂದು ದಿನಕ್ಕೆ ಒಂದೇ ಕಾಯಿ ಎಂದು ಇಟ್ಟುಕೊಳ್ಳುವುದು ಒಳ್ಳೆಯದು.

ಉಪ್ಪುಸೊಳೆಯನ್ನು ಕೊನೆಗೆ ಉಳಿಸಿಕೊಳ್ಳಲು ಹೇಳಿದ್ದು ಮಳೆ ಶುರುವಾದ ಮೇಲೂ ಅದನ್ನು ಮಾಡಬಹುದೆಂಬ ಧೈರ್ಯಕ್ಕೆ. ಬಲಿತ ಕಾಯಿಯ ಸೊಳೆ ಐದು ಕಿಲೋ, ಕಲ್ಲುಪ್ಪು ಒಂದು ಕಿಲೋ. ಪದರ ಪದರವಾಗಿ ಭರಣಿಗೆ ಒತ್ತಿ ತುಂಬಿ, ಮೇಲೆ ತೊಳೆದು ಒಣಗಿಸಿದ ಭಾರದ ಕಲ್ಲು ಹೇರಬೇಕು. ಎರಡು-ಮೂರು ದಿನದಲ್ಲಿ ಸೊಳೆ ತಾನೇ ನೀರು ಬಿಟ್ಟು ಮುಳುಗುತ್ತದೆ. ಮುಳುಗದೆ ಗಾಳಿಗೆ ತಲೆ ಎತ್ತಿದ ಸೊಳೆಗೆ ಮೊದಲು ಬೂಸ್ಟು ಹಿಡಿಯುತ್ತದೆ. ಮೂರನೇ ದಿನವೂ ರಸ ಮೇಲೆ ಬಾರದಿದ್ದರೆ ಕುದಿಸಿ ತಣಿಸಿದ ಗಟ್ಟಿ ಉಪ್ಪುನೀರು ಸುರಿಯಬಹುದು. ಅಡುಗೆಗೆ ತೆಗೆದಾಗ ರಾತ್ರಿಯಿಡೀ ನೀರಲ್ಲಿ ನೆನೆಸಿ, ಎರಡು-ಮೂರು ಸಲ ನೀರು ಬದಲಿಸಿ, ಹಿಂಡಿ ಬಳಸಬೇಕು. ಪಲ್ಯ, ರೊಟ್ಟಿ, ಹವ್ಯಕರ ಮನೆಯ ಉಂಡ್ಲಕಾಳು ಎಲ್ಲಕ್ಕೂ ಒಂದೇ ಭರಣಿ. ರಕ್ತದೊತ್ತಡ ಇರುವವರು ಎಷ್ಟು ಹಿಂಡಿದರೂ ಉಪ್ಪು ಉಳಿದೇ ಇರುತ್ತದೆಂಬುದನ್ನು ಮರೆಯಬಾರದು.

ಬೀಜ ಎಸೆಯುವುದಂತೂ ಬೇಡ. ಉಪ್ಪುನೀರಲ್ಲಿ ಬೇಯಿಸಿ ಒಣಗಿಸಿದರೆ ಸಾಂತಾಣಿ. ಕೆಮ್ಮಣ್ಣು ಮೆತ್ತಿ ಮೂಲೆಗಿಟ್ಟರೆ ಮಳೆಗಾಲದ ಸಾಂಬಾರಿಗೆ ಹಸಿಬೀಜ.

ಕಡೆಯ ವಾರ: ಲಾವಂಚ

ನರ್ಸರಿಯಿಂದ ಲ್ಯಾವೆಂಡರ್ ಗಿಡ ತಂದು ಮಂಗಳೂರಿನಲ್ಲೋ ಉಡುಪಿಯಲ್ಲೋ ನೆಟ್ಟವರು ಸಾಮಾನ್ಯವಾಗಿ ಜುಲೈಯಲ್ಲಿ ಅದನ್ನು ಕಳೆದುಕೊಳ್ಳುತ್ತಾರೆ. ಅದು ಮೆಡಿಟರೇನಿಯನ್ ಕರಾವಳಿಯ ಒಣ ಬೇಸಿಗೆಗೆ ಹುಟ್ಟಿದ ಗಿಡ. ನಮ್ಮ ಮಳೆಗೆ ಬೇರು ಕೊಳೆಯುತ್ತದೆ. ಭಾರತದಲ್ಲಿ ಅದು ಬೆಳೆಯಾಗಿ ನೆಲೆಯೂರಿದ್ದು ಜಮ್ಮುವಿನ ಭದ್ರವಾಹದಂಥ ತಂಪಿನ ಜಾಗದಲ್ಲಿ. ಬಟ್ಟೆಯ ಕಪಾಟಿಗೆ ಕಂಪು ಕೊಡುವ ಅದರ ಕೆಲಸವನ್ನು ಇಲ್ಲಿ ಮೊದಲಿನಿಂದ ಮಾಡುತ್ತ ಬಂದದ್ದು ಲಾವಂಚ.

ಲಾವಂಚದ ಹುಲ್ಲಿಗೆ ಕಂಪಿಲ್ಲ, ಇರುವುದೆಲ್ಲ ಬೇರಿನಲ್ಲಿ. ಲ್ಯಾವೆಂಡರ್ ಹೂವಿನ ಎಣ್ಣೆಯ ಕಣಗಳು ಹಗುರ, ಬೇಗ ಹಾರುತ್ತವೆ. ಲಾವಂಚದ ಎಣ್ಣೆ ಜೇನಿನಂತೆ ಮಂದ, ಅದರ ಕಣಗಳು ಭಾರ. ಸುಗಂಧ ತಯಾರಕರು ಬೇರೆ ಪರಿಮಳಗಳನ್ನು ಹಿಡಿದು ನಿಲ್ಲಿಸಲು ಇದನ್ನು ಬೆರೆಸುವುದು ಈ ಗುಣಕ್ಕಾಗಿ. ಒಣ ಬೇರು ಸುಮ್ಮನಿರುತ್ತದೆ, ಪಸೆ ತಾಗಿದಾಗ ಕಂಪು ಎದ್ದು ಬರುತ್ತದೆ. ಕಪಾಟಿನಲ್ಲಿ ಮುಗ್ಗು ವಾಸನೆ ಏಳುವ ಆಷಾಢದ ದಿನಗಳಿಗೆ ಇದಕ್ಕಿಂತ ಹೊಂದುವ ಬೇರಿಲ್ಲ.

ಮೇ ಕೊನೆಗೆ ಕೀಳುವುದರಲ್ಲಿ ಇನ್ನೊಂದು ಅನುಕೂಲವಿದೆ. ಕಿತ್ತ ಬುಡವನ್ನು ಒಡೆದು ಮೊದಲ ಮಳೆಗೇ ಮತ್ತೆ ನೆಡಬಹುದು. ಆದರೆ ಬೇರು ಬಲಿಯಲು ಒಂದೂವರೆ ವರ್ಷ ಬೇಕು, ಎಳೆಯ ಬೇರಿನಲ್ಲಿ ಎಣ್ಣೆ ಕಡಿಮೆ. ನೆಲದಲ್ಲಿ ಬೇರು ಮೂರು ಮೀಟರಿನಾಚೆಗೂ ನೇರ ಇಳಿಯುವುದರಿಂದ ಅಗೆದು ತೆಗೆಯುವುದು ಸಾಹಸ. ಮನೆ ಬಳಕೆಗೆ ಮರಳು ಬೆರೆಸಿದ ಮಣ್ಣು, ಗೊಬ್ಬರ ತುಂಬಿದ ಗೋಣಿಚೀಲವೋ ಹಳೆಯ ಡ್ರಮ್ಮೋ ಸಾಕು. ಚೀಲ ಸೀಳಿ, ಪೈಪಿನ ನೀರು ಹಾಯಿಸಿದರೆ ಮಣ್ಣು ಕರಗಿ ಬೇರಿನ ಜಡೆ ಇಡಿಯಾಗಿ ಕೈಗೆ ಬರುತ್ತದೆ.

ಇಳಿಜಾರಿನಲ್ಲಿ, ಬದುವಿನಲ್ಲಿ ನೆಟ್ಟ ಲಾವಂಚವನ್ನು ಮಾತ್ರ ಕೀಳಲೇಬಾರದು. ಅಲ್ಲಿ ಅದು ಮಣ್ಣನ್ನು ಹಿಡಿದು ನಿಂತಿದೆ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚದ ಸಾಲು ನೆಟ್ಟುಕೊಂಡು ಬಂದಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣಿನ ಸವಕಳಿಗೆ ಇದೇ ಹುಲ್ಲನ್ನು ಮದ್ದಾಗಿ ಜಗತ್ತಿಗೆ ಸಾರಿದರು. ಮಳೆಗೆ ಮೊದಲು ಅಂಥ ಸಾಲು ಕಿತ್ತರೆ ಮೊದಲ ಮಳೆಗೇ ಗಟ್ಟಿ ಮಣ್ಣು ತೋಡಿಗೆ ಸೇರುತ್ತದೆ.

ತೊಳೆದ ಬೇರನ್ನು ನೆರಳಲ್ಲೇ ಒಣಗಿಸಬೇಕು, ಉರಿಬಿಸಿಲಿಗೆ ಕಂಪು ಕುಗ್ಗುತ್ತದೆ. ಒಣಗಿದ್ದನ್ನು ಹತ್ತಿಬಟ್ಟೆಯ ಚೀಲದಲ್ಲಿ ಕಟ್ಟಿ ಸೀರೆಗಳ ನಡುವೆ ಇಡಬಹುದು. ಕುಡಿಯುವ ನೀರಿಗಾದರೆ ಒಂದು ಹಿಡಿ ಬೇರನ್ನು ಕಂತೆ ಕಟ್ಟಿ ಮಣ್ಣಿನ ಹೂಜಿಗೆ ಹಾಕಿ, ಮೂರು ದಿನಕ್ಕೊಮ್ಮೆ ತೆಗೆದು ಒಣಗಿಸಿ ಮತ್ತೆ ಹಾಕಬೇಕು, ಲೋಳೆ ಬಂದರೆ ಎಸೆಯಬೇಕು. ಅಂಗಡಿಯಿಂದ ತರುವವರು ಒಂದು ಎಳೆಯನ್ನು ಒದ್ದೆ ಮಾಡಿ ಮೂಸಿ ನೋಡುವುದು ಒಳಿತು. ಭಟ್ಟಿ ಇಳಿಸಿ ಎಣ್ಣೆ ತೆಗೆದ ಬೇರೂ ನೋಡಲು ಹಾಗೇ ಇರುತ್ತದೆ.

ಭರಣಿ ಕೆಡುವುದು ಎಲ್ಲಿ?

ಹೆಚ್ಚಿನ ಸಲ ಒಣಗಿಸುವಲ್ಲಿ ತಪ್ಪಾಗಿರುವುದಿಲ್ಲ, ತುಂಬಿಸುವಲ್ಲಿ ಆಗಿರುತ್ತದೆ. ಬಿಸಿಲಿನಿಂದ ತಂದ ಹಪ್ಪಳವನ್ನೋ ಸಿಪ್ಪೆಯನ್ನೋ ಕಾವಿರುವಾಗಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಒಳಗೆ ಬೆವರುತ್ತದೆ, ಆ ಬೆವರೇ ಬೂಸ್ಟಿಗೆ ಸಾಕು. ಹಾಗೆಂದು ರಾತ್ರಿಯಿಡೀ ತೆರೆದಿಟ್ಟರೆ ಗಾಳಿಯ ಪಸೆ ಹೀರುತ್ತದೆ. ನಾಲ್ಕಕ್ಕೆ ಒಳಗೆ ತಂದು, ಒಣ ಬಟ್ಟೆ ಮುಚ್ಚಿ ಒಂದು ಗಂಟೆ ತಣಿಸಿ, ದೀಪ ಹಚ್ಚುವ ಹೊತ್ತಿಗೆ ಮುಚ್ಚಳ ಬಿಗಿಯಬೇಕು.

ಭರಣಿಯನ್ನು ತೊಳೆದು ಒರೆಸಿದರೆ ಸಾಲದು, ಒಂದು ಇಡೀ ಬಿಸಿಲು ಕಾಯಿಸಬೇಕು. ಎಲ್ಲವನ್ನೂ ಒಂದೇ ದೊಡ್ಡ ಭರಣಿಗೆ ಸುರಿಯುವ ಬದಲು ನಾಲ್ಕು ಸಣ್ಣ ಜಾಡಿಗಳಲ್ಲಿಟ್ಟರೆ ಒದ್ದೆ ಕೈ ಬಿದ್ದದ್ದು ಒಂದಕ್ಕೆ ಮಾತ್ರ ತಾಗುತ್ತದೆ. ಬೂಸ್ಟು ಕಂಡರೆ ಮೇಲಿನದಷ್ಟನ್ನೇ ಕೆರೆದು ಉಳಿದದ್ದನ್ನು ತಿನ್ನುವ ಅಭ್ಯಾಸ ಹಲವು ಮನೆಗಳಲ್ಲಿದೆ. ಕಣ್ಣಿಗೆ ಕಾಣುವ ಬೂಸ್ಟಿನ ಎಳೆಗಳು ಕಾಣದಷ್ಟು ಆಳಕ್ಕೆ ಇಳಿದಿರುತ್ತವೆ. ಆ ಜಾಡಿಯನ್ನು ಗೊಬ್ಬರದ ಗುಂಡಿಗೆ ಸುರಿಯುವುದೇ ಸರಿ, ಎಷ್ಟೇ ಹೊಟ್ಟೆ ಉರಿದರೂ.

ಮುಚ್ಚಳದ ಮೇಲೆ ತಾರೀಖು ಬರೆದಿಡುವುದನ್ನು ಮರೆಯಬೇಡಿ. ಮೃಗಶಿರ ಮಳೆ ಹಿಡಿದ ದಿನ ಲಾವಂಚದ ಬುಡಗಳನ್ನು ಎರಡು-ಮೂರು ಚಿಗುರಿಗೊಂದರಂತೆ ಬಿಡಿಸಿ, ಗರಿಯನ್ನು ಗೇಣುದ್ದಕ್ಕೆ ಕತ್ತರಿಸಿ, ಹೊಸ ಮಣ್ಣು ತುಂಬಿದ ಚೀಲಕ್ಕೆ ಊರಿ. ಒಂದು ಬುಡದಿಂದ ಹತ್ತಾರು ಸಸಿ ಸಿಗುತ್ತವೆ. ಎಲ್ಲವನ್ನೂ ನೆಡಲು ಜಾಗವಿಲ್ಲದಿದ್ದರೆ ನಾಲ್ಕನ್ನು ಪಕ್ಕದ ಮನೆಗೆ ಕೊಡಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಎರಡು ದಿನ ಬಾಡುವುದಿಲ್ಲ.